ಹೃದಯ ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶದ ತೊಡಕು: ಯಾವ ರಕ್ತಪರೀಕ್ಷೆ, ಯಾವ ಹೊತ್ತಿಗೆ?

ಹೃದಯದ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಮುಗಿದ ಮೇಲೂ ರೋಗಿಯನ್ನು ಐಸಿಯುನಲ್ಲಿ ಹೆಚ್ಚು ದಿನ ಹಿಡಿದಿಡುವುದು ಅನೇಕ ವೇಳೆ ಶ್ವಾಸಕೋಶ. ಅದನ್ನು ಮೊದಲೇ ಊಹಿಸಬಲ್ಲವೆಂದು ಹೇಳಲಾಗುವ ರಕ್ತ ಸೂಚಕಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಉರಿಯೂತದಲ್ಲಿ ಏರುವ ಪ್ರೋಟೀನ್ ಸಿಆರ್‌ಪಿ ಸಾಕೇ, ಬ್ಯಾಕ್ಟೀರಿಯಾ ಸೋಂಕಿನಲ್ಲಿ ಏರುವ ಪ್ರೊಕ್ಯಾಲ್ಸಿಟೋನಿನ್ ಬೇಕೇ, ಉರಿಯೂತದ ಸಂದೇಶ ಹೊರುವ ಇಂಟರ್‌ಲ್ಯೂಕಿನ್-6ಕ್ಕೆ ದುಡ್ಡು ಸುರಿಯಬೇಕೇ, ಬಿಳಿ ರಕ್ತಕಣಗಳ ಅನುಪಾತವೇ ಸಾಲದೇ ಎಂಬ ಪ್ರಶ್ನೆಯನ್ನು ಐಸಿಯು ಕೆಲಸಕ್ಕೆ ಹೊಸದಾಗಿ ಸೇರಿದ ವೈದ್ಯರೂ ಕೇಳುತ್ತಾರೆ, ವರದಿಗಳನ್ನು ಕೈಯಲ್ಲಿ ಹಿಡಿದು ನಿಂತ ಮನೆಯವರೂ ಕೇಳುತ್ತಾರೆ. ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಹೊತ್ತಿನಲ್ಲಿ, ಈ ರೋಗಿಯ ವಿಷಯದಲ್ಲಿ, ಏನನ್ನು ತಿಳಿಯಲು ಯಾವುದು ಎಂದು ಕೇಳಿದರೆ ಸಿಗುತ್ತದೆ.

ಏನನ್ನು ಊಹಿಸಲು ಹೊರಟಿದ್ದೇವೆ?

ಶ್ವಾಸಕೋಶದ ತೊಡಕು ಎಂಬ ಒಂದೇ ಹೆಸರಿನ ಕೆಳಗೆ ನಾಲ್ಕಾರು ಬೇರೆ ಬೇರೆ ಸಮಸ್ಯೆಗಳು ಕುಳಿತಿವೆ. ಶ್ವಾಸಕೋಶದ ಒಂದು ಭಾಗ ಗಾಳಿಯಿಲ್ಲದೆ ಮುದುಡಿಕೊಳ್ಳಬಹುದು, ಎದೆಗೂಡಿನಲ್ಲಿ ನೀರು ಸೇರಬಹುದು, ನ್ಯುಮೋನಿಯಾ ಬರಬಹುದು, ಹೃದಯದ ಹಿಂದೊತ್ತಡದಿಂದ ಶ್ವಾಸಕೋಶ ಒದ್ದೆಯಾಗಬಹುದು, ಗಾಳಿಗೂಡುಗಳ ಗೋಡೆಯೇ ಗಾಯಗೊಂಡು ಎಆರ್‌ಡಿಎಸ್ ಎಂಬ ತೀವ್ರ ಸ್ಥಿತಿ ಉಂಟಾಗಬಹುದು. ಇವುಗಳಲ್ಲಿ ಯಾವುದರಿಂದಲಾದರೂ ರೋಗಿ ವೆಂಟಿಲೇಟರ್‌ನಿಂದ ಹೊರಬರುವುದು ತಡವಾಗಬಹುದು. 24 ಗಂಟೆಗಿಂತ ಹೆಚ್ಚು ಕಾಲ ಯಂತ್ರದ ಉಸಿರಾಟ ಬೇಕಾದರೆ ಅದನ್ನೇ ಒಂದು ತೊಡಕೆಂದು ಎಣಿಸುವ ರೂಢಿಯಿದೆ.

ರಕ್ತದಲ್ಲಿ ಇದರ ಸುಳಿವು ಏಕೆ ಸಿಗುತ್ತದೆ ಎಂಬುದಕ್ಕೆ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ ಮತ್ತು ಶ್ವಾಸಕೋಶಗಳ ಪಾಲಿನ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರವನ್ನು ನೆನಪಿಸಿಕೊಳ್ಳಬೇಕು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಆ ಯಂತ್ರದ ನೆರವಿನಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯದ ಒಳಗಿನ ಶಸ್ತ್ರಚಿಕಿತ್ಸೆ ಮಾಡಿದರು. ಅದರ ಬಳಕೆ ಹೆಚ್ಚಿದಂತೆ ಶ್ವಾಸಕೋಶಕ್ಕಾಗುವ ಗಾಯಕ್ಕೆ ವೈದ್ಯರು ‘ಪಂಪ್ ಲಂಗ್’ ಎಂದೇ ಹೆಸರಿಟ್ಟರು. ರಕ್ತ ಪ್ಲಾಸ್ಟಿಕ್ ಕೊಳವೆಗಳನ್ನು ಮುಟ್ಟಿದೊಡನೆ ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ, ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಯಂತ್ರ ಪೂರ್ತಿಯಾಗಿ ಕೆಲಸ ವಹಿಸಿಕೊಂಡಿರುವಷ್ಟು ಹೊತ್ತು ಶ್ವಾಸಕೋಶಕ್ಕೆ ಶ್ವಾಸನಾಳದ ಸಣ್ಣ ರಕ್ತನಾಳಗಳಿಂದ ಬರುವ ರಕ್ತವಷ್ಟೇ ಗತಿ. ಹರಿವು ಮತ್ತೆ ಶುರುವಾದಾಗ ಆ ಹಸಿದ ಅಂಗಾಂಶಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. ಯಂತ್ರವಿಲ್ಲದೆ, ಬಡಿಯುವ ಹೃದಯದ ಮೇಲೆಯೇ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಈ ಆರಂಭದ ಕೆರಳಿಕೆ ಕಡಿಮೆ ಇರುತ್ತದೆ, ಆದರೆ ಇಲ್ಲವೆನ್ನುವಂತಿಲ್ಲ.

ಇಲ್ಲೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೀಳಿ ಹೊಲಿದ ಎದೆಮೂಳೆಯ ನೋವಿಗೆ ಅಂಜಿ ರೋಗಿ ಮೇಲುಸಿರು ಬಿಡುತ್ತಾ ಮಲಗಿದ್ದರೆ, ಕೆಮ್ಮಿ ಕಫ ಹೊರಹಾಕಲು ಆಗದಿದ್ದರೆ, ಅಥವಾ ಹೃದಯದ ಸುತ್ತ ಹಾಕಿದ ಮಂಜುಗಡ್ಡೆಯ ತಣ್ಣನೆಗೆ, ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಯ ನರ ಮರಗಟ್ಟಿ ವಪೆಯ ಒಂದು ಬದಿ ಕೆಲಸ ನಿಲ್ಲಿಸಿದ್ದರೆ, ಅದನ್ನು ನೇರವಾಗಿ ಹೇಳುವ ರಕ್ತ ಸೂಚಕ ಯಾವುದೂ ಇಲ್ಲ. ಮಂಚದ ಪಕ್ಕ ನಿಂತು ರೋಗಿಯ ಎದೆ ಮತ್ತು ಹೊಟ್ಟೆ ಏರಿಳಿಯುವುದನ್ನು ನೋಡಿದರೆ ಅಂಥ ತೊಂದರೆಯ ಅನುಮಾನ ಬರುತ್ತದೆ. ರಕ್ತದ ವರದಿಯಿಂದ ಬರುವುದಿಲ್ಲ.

ತೂಗುವ ಅಳತೆಗೋಲುಗಳು

ಮೊದಲನೆಯದು ಹೊತ್ತು. ಶಸ್ತ್ರಚಿಕಿತ್ಸೆಗೆ ಮುಂಚಿನ ಪರೀಕ್ಷೆ ಯಾರನ್ನು ಹೆಚ್ಚು ಸಿದ್ಧಗೊಳಿಸಬೇಕು ಎಂದು ತಿಳಿಸುತ್ತದೆ. ನಂತರದ ಪರೀಕ್ಷೆ ಈಗ ಏನೋ ಕೆಡುತ್ತಿದೆಯೇ ಎಂದು ತಿಳಿಸುತ್ತದೆ. ಈ ಎರಡು ಕೆಲಸಗಳನ್ನೂ ಸಮನಾಗಿ ಮಾಡುವ ಸೂಚಕವನ್ನು ನಾನು ಕಂಡಿಲ್ಲ. ಎರಡನೆಯದು ಗೊಂದಲ: ಕಿಡ್ನಿಯ ದುರ್ಬಲತೆ, ಸ್ಟೀರಾಯ್ಡ್, ರಕ್ತ ಕೊಟ್ಟಿರುವುದು, ದೇಹಕ್ಕೆ ಸೇರಿಸಿದ ದ್ರವದಿಂದ ರಕ್ತ ತೆಳುವಾಗಿರುವುದು ಇತ್ಯಾದಿಗಳು ಅಂಕಿಯನ್ನು ಎಷ್ಟು ತಿರುಚುತ್ತವೆ? ಮೂರನೆಯದು ವರದಿ ಕೈಸೇರಲು ಬೇಕಾಗುವ ಸಮಯ, ಅದರ ಜೊತೆಗೇ ಖರ್ಚು. ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ: ಅಂಕಿ ಹೆಚ್ಚು ಬಂದರೆ ನಾವು ಮಾಡುವ ಕೆಲಸ ಬದಲಾಗುತ್ತದೆಯೇ? ಬದಲಾಗದಿದ್ದರೆ ಎಷ್ಟೇ ಸೊಗಸಾದ ಪರೀಕ್ಷೆಯೂ ರೋಗಿಯ ರಕ್ತ ಮತ್ತು ಹಣ ಎರಡನ್ನೂ ಖರ್ಚು ಮಾಡಿಸುತ್ತದೆ, ಅಷ್ಟೆ.

ಕೊನೆಯದು ಲೆಕ್ಕದ ಅಳತೆ. 1000 ರೋಗಿಗಳಲ್ಲಿ 100 ಮಂದಿಗೆ ತೀವ್ರ ತೊಡಕು ಬರುತ್ತದೆ ಎಂದಿಟ್ಟುಕೊಳ್ಳೋಣ. ನಮ್ಮ ಕೈಯಲ್ಲಿರುವ ಪರೀಕ್ಷೆ ತೊಡಕು ಬರುವವರಲ್ಲಿ 80% ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ಬರದವರಲ್ಲಿ 80% ಮಂದಿಯನ್ನು ಸರಿಯಾಗಿ ಬಿಡುತ್ತದೆ ಎನ್ನೋಣ. ಕೇಳಲು ಚೆನ್ನಾಗಿದೆ. ಆದರೆ ಎಚ್ಚರಿಕೆ ಬಂದವರು 260 ಮಂದಿ. ಅವರಲ್ಲಿ ನಿಜವಾಗಿ ತೊಡಕಾಗುವವರು 80 ಮಂದಿ, ಎಂದರೆ ಮೂವರಲ್ಲಿ ಒಬ್ಬರೂ ಅಲ್ಲ. ಎಚ್ಚರಿಕೆ ಬಾರದ 740 ಮಂದಿಯಲ್ಲಿ ತಪ್ಪಿಸಿಕೊಂಡವರು ಕೇವಲ 20. ಆದ್ದರಿಂದ ಇಂಥ ಪರೀಕ್ಷೆ ಹೆದರಿಸುವುದಕ್ಕಿಂತ ಧೈರ್ಯ ಹೇಳುವುದಕ್ಕೆ ಹೆಚ್ಚು ಯೋಗ್ಯ. ‘ಈ ಮಿತಿಯ ಮೇಲಿದ್ದರೆ ಅಪಾಯ’ ಎಂದು ಒಂದು ಆಸ್ಪತ್ರೆಯ ರೋಗಿಗಳ ಅಂಕಿಗಳಿಂದ ಕಂಡುಕೊಂಡ ಗಡಿ, ಅದೇ ರೋಗಿಗಳ ಮೇಲೆ ಪರೀಕ್ಷಿಸಿದಾಗ ಬಹಳ ಚೆನ್ನಾಗಿ ಕಾಣುತ್ತದೆ, ಬೇರೆ ಕಡೆಗೆ ಒಯ್ದಾಗ ಸೊರಗುತ್ತದೆ ಎಂಬುದನ್ನೂ ಮರೆಯಬಾರದು.

ಶಸ್ತ್ರಚಿಕಿತ್ಸೆಗೆ ಮುಂಚೆ: ಹಳೆಯ, ಅಗ್ಗದ ಪರೀಕ್ಷೆಗಳ ಕಾಲ

ಇಲ್ಲಿ ಗೆಲ್ಲುವುದು ಯಾರೂ ಹೊಸತೆಂದು ಮೆಚ್ಚಿಕೊಳ್ಳದ ಹಿಮೋಗ್ಲೋಬಿನ್. 2010ರಲ್ಲಿ ಪ್ರಕಟವಾದ, ಬಗೆಬಗೆಯ ಶಸ್ತ್ರಚಿಕಿತ್ಸೆಗಳ ರೋಗಿಗಳಿಂದ ರೂಪಿಸಿದ ‘ಅರಿಸ್ಕ್ಯಾಟ್’ ಎಂಬ ಅಪಾಯದ ಅಂಕಪಟ್ಟಿಯಲ್ಲಿ ಏಳು ಅಂಶಗಳಿವೆ: ವಯಸ್ಸು, ಬೆರಳಿಗೆ ಹಾಕುವ ಕ್ಲಿಪ್ ತೋರಿಸುವ ಆಮ್ಲಜನಕದ ಮಟ್ಟ, ಕಳೆದ ಒಂದು ತಿಂಗಳಲ್ಲಿ ಬಂದಿದ್ದ ಉಸಿರಾಟದ ಸೋಂಕು, ರಕ್ತಹೀನತೆ, ಗಾಯದ ಜಾಗ, ಶಸ್ತ್ರಚಿಕಿತ್ಸೆಯ ಅವಧಿ, ತುರ್ತು ಶಸ್ತ್ರಚಿಕಿತ್ಸೆಯೋ ಅಲ್ಲವೋ ಎಂಬುದು. ಇವುಗಳಲ್ಲಿ ರಕ್ತ ತೆಗೆದು ನೋಡಬೇಕಾದದ್ದು ಒಂದೇ, ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 10 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದೆಯೇ ಎಂಬುದು. ಅದು ಕಡಿಮೆಯಿದ್ದರೆ ಮಾಡಬಹುದಾದ ಕೆಲಸವೂ ಇದೆ: ಕಬ್ಬಿಣಾಂಶದ ಕೊರತೆಯಿದ್ದರೆ ತುಂಬಿಸಿ, ಶಸ್ತ್ರಚಿಕಿತ್ಸೆಯ ದಿನ ಬೇರೆಯವರ ರಕ್ತ ಏರಿಸುವ ಅಗತ್ಯವನ್ನು ತಗ್ಗಿಸಲು ಪ್ರಯತ್ನಿಸಬಹುದು. ಏರಿಸಿದ ರಕ್ತವೇ ಕೆಲವೊಮ್ಮೆ ಆರು ಗಂಟೆಗಳ ಒಳಗೆ ಶ್ವಾಸಕೋಶಕ್ಕೆ ಗಾಯ ಮಾಡುವುದುಂಟು.

ಅದರ ಪಕ್ಕದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ನಿಲ್ಲುತ್ತದೆ. ಡೆಸಿಲೀಟರ್‌ಗೆ 3.5 ಗ್ರಾಂಗಿಂತ ಕಡಿಮೆಯಿರುವ ಆಲ್ಬುಮಿನ್ ಶ್ವಾಸಕೋಶದ ತೊಡಕಿನ ಬಲವಾದ ಮುನ್ಸೂಚನೆಗಳಲ್ಲಿ ಒಂದು ಎಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2006ರ ತನ್ನ ಮಾರ್ಗಸೂಚಿಯಲ್ಲಿ ಹೇಳಿತು. ಆ ಮಾರ್ಗಸೂಚಿ ಬರೆದದ್ದು ಹೃದಯ ಮತ್ತು ಎದೆಯದಲ್ಲದ ಶಸ್ತ್ರಚಿಕಿತ್ಸೆಗಳಿಗಾಗಿ ಎಂಬುದನ್ನು ಗಮನದಲ್ಲಿಡಬೇಕು. ಆಲ್ಬುಮಿನ್ನಿನ ಅರ್ಧಾಯುಷ್ಯ ಸುಮಾರು 20 ದಿನ. ಹಾಗಾಗಿ ಅದು ಇಂದಿನ ಸುದ್ದಿಯನ್ನಲ್ಲ, ವಾರಗಳಿಂದ ನಡೆದುಬಂದ ಸೊರಗುವಿಕೆ ಮತ್ತು ಉರಿಯೂತದ ಕಥೆಯನ್ನು ಹೇಳುತ್ತದೆ. ಇದೇ ಕಾರಣಕ್ಕೆ ಹಿಂದಿನ ದಿನ ಒಂದು ಬಾಟಲಿ ಆಲ್ಬುಮಿನ್ ಏರಿಸಿ ವರದಿಯನ್ನು ಸರಿಪಡಿಸಿದರೆ ರೋಗಿ ಸರಿಹೋಗುವುದಿಲ್ಲ. ಹಾರ್ಟ್-ಲಂಗ್ ಯಂತ್ರದಿಂದ ಹೊರಬಂದ ಮೇಲೆ ರಕ್ತ ತೆಳುವಾಗಿ ಎಲ್ಲರಲ್ಲೂ ಆಲ್ಬುಮಿನ್ ಇಳಿಯುವುದರಿಂದ, ಆಗಿನ ಅಂಕಿಗೆ ಮುಂಚಿನ ಅಂಕಿಯಷ್ಟು ಬೆಲೆಯಿಲ್ಲ.

ನ್ಯೂಟ್ರೋಫಿಲ್ ಮತ್ತು ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ ಈಚೆಗೆ ಬಹಳ ಜನಪ್ರಿಯವಾಗಿದೆ, ಏಕೆಂದರೆ ಅದಕ್ಕೆ ಬೇರೆ ಖರ್ಚೇ ಇಲ್ಲ. ನೇರಳೆ ಮುಚ್ಚಳದ ಸೀಸೆಯಲ್ಲಿ ಕಳಿಸಿದ ಸಾಮಾನ್ಯ ರಕ್ತಕಣ ಎಣಿಕೆಯಲ್ಲಿರುವ ಒಂದು ಅಂಕಿಯನ್ನು ಇನ್ನೊಂದರಿಂದ ಭಾಗಿಸಿದರೆ ಮುಗಿಯಿತು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಈ ಅನುಪಾತ ಹೆಚ್ಚಿದ್ದರೆ ದೇಹದಲ್ಲಿ ಉರಿಯೂತವೋ ಒತ್ತಡವೋ ಇದೆ ಎಂದರ್ಥ. ಅದರಿಂದಾಚೆಗೆ ಏನು ಮಾಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಹಲ್ಲಿನ ಬೇರಿನಲ್ಲಿ ಕೀವಿರಬಹುದು, ಎದೆಯಲ್ಲಿ ಕಫ ಕಟ್ಟಿರಬಹುದು, ನಿನ್ನೆ ಸ್ಟೀರಾಯ್ಡ್ ಮಾತ್ರೆ ನುಂಗಿರಬಹುದು. ಅದನ್ನು ಪ್ರಶ್ನೆ ಎತ್ತುವ ಅಂಕಿಯೆಂದು ನೋಡಿದರೆ ಸರಿ.

ಹೃದಯದ ಗೋಡೆ ಹಿಗ್ಗಿದಾಗ ರಕ್ತಕ್ಕೆ ಬರುವ ಎನ್‌ಟಿ-ಪ್ರೊಬಿಎನ್‌ಪಿ ಇವೆಲ್ಲಕ್ಕಿಂತ ದುಬಾರಿ. ಕವಾಟದ ಕಾಯಿಲೆಯಲ್ಲಿ, ಹೃದಯದ ಬಲ ಕುಗ್ಗಿರುವವರಲ್ಲಿ ಇದನ್ನು ಮುಂಚೆ ನೋಡಿಟ್ಟುಕೊಂಡರೆ ನಂತರದ ಉಬ್ಬಸ ಹೃದಯದ್ದೋ ಶ್ವಾಸಕೋಶದ್ದೋ ಎಂದು ಬಿಡಿಸುವಾಗ ಹೋಲಿಕೆಗೆ ಒಂದು ಅಂಕಿ ಇರುತ್ತದೆ. ಕಿಡ್ನಿ ದುರ್ಬಲವಾಗಿದ್ದರೆ ಇದು ಏರಿರುತ್ತದೆ, ಸ್ಥೂಲಕಾಯದವರಲ್ಲಿ ಇರಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ, ಸಕುಬಿಟ್ರಿಲ್ ಇರುವ ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಇದರ ಜೋಡಿ ಪರೀಕ್ಷೆಯಾದ ಬಿಎನ್‌ಪಿಯನ್ನಷ್ಟೇ ನೋಡಿದರೆ ಮೋಸಹೋಗಬಹುದು. ಎನ್‌ಟಿ-ಪ್ರೊಬಿಎನ್‌ಪಿಗೆ ಆ ತೊಂದರೆ ಇಲ್ಲ. ತುಂಬ ದಪ್ಪಗಿದ್ದು ನಿದ್ರೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ನಿಲ್ಲಿಸುವವರಲ್ಲಿ ಬೈಕಾರ್ಬನೇಟ್ ಲೀಟರ್‌ಗೆ 27 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತಿರುವ ಅನುಮಾನ ಪಡಬೇಕು.

ಮುಂಚೆಯೇ ಗುರುತಿಸಿ ಏನು ಪ್ರಯೋಜನ ಎಂದು ಕೇಳುವವರಿಗೆ ನೆದರ್‌ಲೆಂಡ್ಸ್‌ನಿಂದ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಬೈಪಾಸ್ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ, ಅಪಾಯ ಹೆಚ್ಚಿದ್ದ ರೋಗಿಗಳಿಗೆ ಉಸಿರೆಳೆಯುವ ಸ್ನಾಯುಗಳ ವ್ಯಾಯಾಮವನ್ನು ಮುಂಚಿತವಾಗಿ ಮಾಡಿಸಿದಾಗ ಶ್ವಾಸಕೋಶದ ತೊಡಕು 18% ಮಂದಿಯಲ್ಲಿ ಕಂಡಿತು. ಎಂದಿನ ಆರೈಕೆ ಪಡೆದವರಲ್ಲಿ ಅದು 35% ಇತ್ತು. ಸೂಚಕ ಬೊಟ್ಟು ಮಾಡಿ ತೋರಿಸಿದವರಿಗೆ ಈ ವ್ಯಾಯಾಮವನ್ನು ಮಾಡಿಸುವುದಾದರೆ ಆ ಸೂಚಕಕ್ಕೆ ಕೊಟ್ಟ ಹಣ ಸಾರ್ಥಕ.

ಮೊದಲ ಕೆಲವು ಗಂಟೆಗಳು

ರೋಗಿ ಐಸಿಯುಗೆ ಬಂದ ಮೇಲೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆಗೆ ಸಾಟಿಯಾದದ್ದು ಇಲ್ಲ. ರಕ್ತದಲ್ಲಿನ ಆಮ್ಲಜನಕದ ಒತ್ತಡವನ್ನು ಕೊಡುತ್ತಿರುವ ಆಮ್ಲಜನಕದ ಪ್ರಮಾಣದಿಂದ ಭಾಗಿಸಿದಾಗ ಬರುವ ಅಂಕಿ ಆರೋಗ್ಯವಂತರಲ್ಲಿ 400ಕ್ಕಿಂತ ಮೇಲಿರುತ್ತದೆ. 2012ರ ಬರ್ಲಿನ್ ವ್ಯಾಖ್ಯೆಯಲ್ಲಿ ಎಆರ್‌ಡಿಎಸ್‌ನ ತೀವ್ರತೆಯನ್ನು ಅಳೆಯುವ ಮೆಟ್ಟಿಲುಗಳು 300, 200, 100. ಇದನ್ನು ಯಾರೂ ಸೂಚಕವೆಂದು ಕರೆಯುವುದಿಲ್ಲವಾದರೂ ಇದು ಶ್ವಾಸಕೋಶವನ್ನೇ ನೇರವಾಗಿ ಕೇಳಿ ಪಡೆದ ಉತ್ತರ. ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ.

ಅನಿಲ ಪರೀಕ್ಷೆಯ ಅದೇ ಯಂತ್ರ, ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಲ್ಯಾಕ್ಟೇಟನ್ನೂ ತೋರಿಸುತ್ತದೆ. ಅದು ಲೀಟರ್‌ಗೆ 2 ಮಿಲಿಮೋಲ್‌ಗಿಂತ ಕೆಳಗಿದ್ದರೆ ಸಮಾಧಾನ, ಗಂಟೆಗಂಟೆಗೂ ಏರುತ್ತಿದ್ದರೆ ರಕ್ತಪರಿಚಲನೆಯ ಬಗ್ಗೆ ಚಿಂತೆ. ಆದರೆ ಅಡ್ರಿನಲಿನ್ ಹನಿಯುತ್ತಿರುವ ರೋಗಿಯಲ್ಲಿ ಆ ಔಷಧವೇ ಲ್ಯಾಕ್ಟೇಟನ್ನು ಏರಿಸುತ್ತದೆ. ಇನ್ನೊಂದು ಸಣ್ಣ ವಿಷಯ: ತೆಗೆದ ರಕ್ತ ಸಿರಿಂಜಿನಲ್ಲೇ ಟ್ರೇಯ ಮೂಲೆಯಲ್ಲಿ ಅರ್ಧ ಗಂಟೆ ಕುಳಿತರೆ, ಒಳಗಿನ ಕೆಂಪು ರಕ್ತಕಣಗಳು ಸಕ್ಕರೆಯನ್ನು ಬಳಸುತ್ತಲೇ ಇದ್ದು ಲ್ಯಾಕ್ಟೇಟ್ ತಾನಾಗಿ ಹೆಚ್ಚುತ್ತದೆ, ಸಿರಿಂಜಿನಲ್ಲಿ ಉಳಿದ ಒಂದು ಗಾಳಿಗುಳ್ಳೆ ಆಮ್ಲಜನಕದ ಅಂಕಿಯನ್ನೂ ಕೆಡಿಸುತ್ತದೆ. ಹೊಸ ಸೂಚಕಕ್ಕೆ ಹಣ ಹೊಂದಿಸುವ ಮೊದಲು ಈ ಸಿರಿಂಜನ್ನು ತಡಮಾಡದೆ ಯಂತ್ರಕ್ಕೆ ಮುಟ್ಟಿಸುವ ವ್ಯವಸ್ಥೆ ಆಗಲಿ ಎನ್ನುವುದು ನನ್ನ ಹಠ.

ಇಂಟರ್‌ಲ್ಯೂಕಿನ್-6 ಈ ಗಂಟೆಗಳ ಸ್ಪರ್ಧಿ. ಉರಿಯೂತದ ಸರಪಳಿಯಲ್ಲಿ ಅದು ಸಿಆರ್‌ಪಿಗಿಂತ ಮೊದಲು ಬರುವ ಕೊಂಡಿ. ಯಕೃತ್ತಿಗೆ ಸಿಆರ್‌ಪಿ ತಯಾರಿಸಲು ಹೇಳುವುದೇ ಅದು. ಹಾರ್ಟ್-ಲಂಗ್ ಯಂತ್ರದಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಅದು ತುದಿ ಮುಟ್ಟುತ್ತದೆ. ಬೇಗ ಹೇಳುತ್ತದೆ ಎಂಬುದು ಅದರ ಗುಣ, ಎಲ್ಲರ ವಿಷಯದಲ್ಲೂ ಹೇಳುತ್ತದೆ ಎಂಬುದು ಅದರ ದೋಷ: ಯಂತ್ರದ ಮೇಲೆ ಹೆಚ್ಚು ಹೊತ್ತಿದ್ದವರಲ್ಲಿ ಅದು ಏರುತ್ತದೆ ಎಂದು ತಿಳಿಯಲು ಗಡಿಯಾರ ನೋಡಿದರೂ ಸಾಕು. ಅಂಕಿ ಹೆಚ್ಚು ಬಂದಾಗ ನಡೆಯುವ ಚಿಕಿತ್ಸೆಯಲ್ಲಿ ಬದಲಾಗುವುದೂ ಬಹಳ ಕಡಿಮೆ.

ಮೊದಲ ದಿನದಿಂದ ನಾಲ್ಕನೆಯ ದಿನ: ಸಿಆರ್‌ಪಿಯೋ ಪ್ರೊಕ್ಯಾಲ್ಸಿಟೋನಿನ್ನೋ?

ನಿಜವಾದ ಇಕ್ಕಟ್ಟು ಇಲ್ಲಿದೆ. ಸಿಆರ್‌ಪಿಯನ್ನು 1930ರಲ್ಲಿ ಕಂಡುಹಿಡಿದದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ, ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಒಂದು ಅಂಶಕ್ಕೆ ಅಂಟಿಕೊಳ್ಳುವ ಪದಾರ್ಥವಾಗಿ. ಆದರೂ ಹೃದಯ ಶಸ್ತ್ರಚಿಕಿತ್ಸೆಯ ನಂತರ ನ್ಯುಮೋನಿಯಾವನ್ನು ಬೇರ್ಪಡಿಸಲು ಅದು ಒದ್ದಾಡುತ್ತದೆ, ಏಕೆಂದರೆ ಎದೆ ಸೀಳಿದ ಗಾಯಕ್ಕೇ ಅದು ಏರಿ ಎರಡನೆಯ ಮೂರನೆಯ ದಿನ ಲೀಟರ್‌ಗೆ 100 ಮಿಲಿಗ್ರಾಂ ದಾಟುವುದು ಮಾಮೂಲು. ಒಂದು ಅಂಕಿಯನ್ನು ನೋಡಿ ಗಾಬರಿಯಾಗುವವರಿಗಾಗಿ ಇಬ್ಬರು ಕಲ್ಪಿತ ರೋಗಿಗಳನ್ನು ತೆಗೆದುಕೊಳ್ಳೋಣ. ಎರಡನೆಯ ದಿನ ಬೆಳಿಗ್ಗೆ ಇಬ್ಬರದೂ 180. ಒಬ್ಬರದು ಮೂರನೆಯ ದಿನ 165, ನಾಲ್ಕನೆಯ ದಿನ 110. ಕುರ್ಚಿಯಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದಾರೆ. ಇನ್ನೊಬ್ಬರದು 190, ನಂತರ 260. ಕಫ ಹಳದಿಯಾಗಿದೆ, ಆಮ್ಲಜನಕ ಹೆಚ್ಚಿಸಬೇಕಾಗಿದೆ. ಎರಡನೆಯ ದಿನದ ಅಂಕಿ ಇವರಿಬ್ಬರನ್ನು ಬೇರ್ಪಡಿಸಲಿಲ್ಲ. ನಾಲ್ಕನೆಯ ದಿನದ ಇಳಿಜಾರು ಬೇರ್ಪಡಿಸಿತು. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ, ಆದ್ದರಿಂದ ಪ್ರಚೋದನೆ ನಿಂತರೆ ಅದು ಇಳಿಯಲೇಬೇಕು. ಇಳಿಯದಿರುವುದೇ ಸುದ್ದಿ.

ಪ್ರೊಕ್ಯಾಲ್ಸಿಟೋನಿನ್ ಬ್ಯಾಕ್ಟೀರಿಯಾ ಸೋಂಕು ಮತ್ತು ನಂಜಿನಲ್ಲಿ ಏರುತ್ತದೆ ಎಂದು 1993ರಲ್ಲಿ ವರದಿಯಾದಂದಿನಿಂದ ಐಸಿಯುಗಳಿಗೆ ಪ್ರಿಯವಾಗಿದೆ. ಹೃದಯ ಶಸ್ತ್ರಚಿಕಿತ್ಸೆಯ ನಂತರ ಇದೂ ಏರುತ್ತದೆ. ಆದರೆ ಬೇಗ, ಸಾಮಾನ್ಯವಾಗಿ ಮೊದಲ ದಿನದ ಹೊತ್ತಿಗೇ ತುದಿ ಮುಟ್ಟಿ, ಸೋಂಕಿಲ್ಲದವರಲ್ಲಿ ನಂತರ ಇಳಿಯತೊಡಗುತ್ತದೆ. ಎರಡನೆಯ ಮೂರನೆಯ ದಿನ ಮತ್ತೆ ಏರಿದರೆ ಅದು ಗಂಭೀರ ಸೂಚನೆ. ಸಿಆರ್‌ಪಿ ಇನ್ನೂ ಏರುವ ಹಾದಿಯಲ್ಲೇ ಇರುವಾಗ ಇದು ಇಳಿಯುತ್ತಿದ್ದರೆ, ಒಂದು ದಿನ ಮುಂಚೆ ನೆಮ್ಮದಿ ಸಿಗುತ್ತದೆ. ಬೇರೆ ರೋಗಿಗಳಿಗೆ ಬಳಸುವ ಮಿಲಿಲೀಟರ್‌ಗೆ 0.5 ನ್ಯಾನೋಗ್ರಾಂ ಮಿತಿಯನ್ನು ಇಲ್ಲಿ ಕಣ್ಣುಮುಚ್ಚಿ ಹಚ್ಚಬಾರದು. ಶಸ್ತ್ರಚಿಕಿತ್ಸೆಯ ಮೊದಲ ದಿನ ಏನೂ ಆಗದವರೂ ಅದನ್ನು ದಾಟುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಕೊಟ್ಟ ಸ್ಟೀರಾಯ್ಡ್ ಸಿಆರ್‌ಪಿಯನ್ನು ತಗ್ಗಿಸಿ, ನ್ಯೂಟ್ರೋಫಿಲ್‌ಗಳನ್ನು ಏರಿಸಿ ಆ ಎರಡು ಅಂಕಿಗಳನ್ನೂ ಅಡ್ಡದಾರಿಗೆ ಎಳೆಯುತ್ತದೆ. ಪ್ರೊಕ್ಯಾಲ್ಸಿಟೋನಿನ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಬದಲಿಗೆ ಕಿಡ್ನಿ ಕೆಟ್ಟಾಗ ಅದು ಏರಿಯೇ ಇರುತ್ತದೆ, ಹೃದಯ ಶಸ್ತ್ರಚಿಕಿತ್ಸೆಯ ನಂತರ ಕಿಡ್ನಿ ಕೆಡುವುದು ಅಪರೂಪವೇನಲ್ಲ. ಬೆಲೆಯಲ್ಲಿ ಅದು ಸಿಆರ್‌ಪಿಗಿಂತ ಹಲವು ಪಟ್ಟು ಹೆಚ್ಚು.

ಎನ್‌ಟಿ-ಪ್ರೊಬಿಎನ್‌ಪಿಯನ್ನು ಈ ದಿನಗಳಲ್ಲಿ ಮತ್ತೆ ನೋಡುವುದು, ಮುಂಚಿನ ಅಂಕಿ ಇದ್ದರೆ ಮಾತ್ರ ಅರ್ಥಪೂರ್ಣ. ಮಂಚದ ಪಕ್ಕದಲ್ಲೇ ಎದೆಯ ಅಲ್ಟ್ರಾಸೌಂಡ್ ಮಾಡಬಲ್ಲವರಿದ್ದರೆ ಶ್ವಾಸಕೋಶ ಒದ್ದೆಯಾಗಿದೆಯೇ, ಎದೆಗೂಡಿನಲ್ಲಿ ನೀರಿದೆಯೇ ಎಂಬುದು ಅದಕ್ಕಿಂತ ಬೇಗ ತಿಳಿಯುತ್ತದೆ. ರಕ್ತದ ಹೆಪ್ಪು ಕರಗುವಾಗ ಕಾಣುವ ಡಿ-ಡೈಮರ್ ಬೇಡ. ಶಸ್ತ್ರಚಿಕಿತ್ಸೆಯಾದ ಎಲ್ಲರಲ್ಲೂ ಅದು ಏರಿರುತ್ತದೆ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದ ಅನುಮಾನವಿದ್ದರೆ ಸ್ಕ್ಯಾನ್‌ಗೇ ಹೋಗಬೇಕು.

ಪ್ರಯೋಗಾಲಯದ ಹೊಸಬರು

ಇಲ್ಲಿಯವರೆಗೆ ಹೇಳಿದ ಯಾವ ಪ್ರೋಟೀನೂ ಶ್ವಾಸಕೋಶದ್ದೇ ಅಲ್ಲ. ಸಂಶೋಧಕರು ಹುಡುಕುತ್ತಿರುವುದು ಗಾಳಿಗೂಡಿನ ಗೋಡೆಯಿಂದಲೇ ಕಳಚಿ ರಕ್ತಕ್ಕೆ ಬರುವ ಗುರುತುಗಳನ್ನು: ಗೋಡೆಯ ಚಪ್ಪಟೆ ಜೀವಕೋಶಗಳಲ್ಲಿ ಹೇರಳವಾಗಿರುವ ರೇಜ್ ಎಂಬ ಗ್ರಾಹಕದ ಕರಗುವ ರೂಪ, ಗಾಳಿಗೂಡನ್ನು ತೆರೆದಿಡುವ ಸರ್ಫ್ಯಾಕ್ಟಂಟ್‌ಗೆ ಸಂಬಂಧಿಸಿದ ಪ್ರೋಟೀನ್-ಡಿ, ಶ್ವಾಸನಾಳದ ಕ್ಲಬ್ ಜೀವಕೋಶಗಳ ಪ್ರೋಟೀನ್, ರಕ್ತನಾಳದ ಒಳಪದರ ಸೋರತೊಡಗಿದಾಗ ಹೆಚ್ಚುವ ಆಂಜಿಯೋಪೊಯೆಟಿನ್-2. ತರ್ಕದಲ್ಲಿ ಇವು ಸಿಆರ್‌ಪಿಗಿಂತ ಎಷ್ಟೋ ಮೇಲು. ಆದರೆ ಇವುಗಳನ್ನು ಹೆಚ್ಚಾಗಿ ಅಳೆಯುವುದು ಎಲೈಸಾ ಎಂಬ ಪ್ರಯೋಗಾಲಯ ಪರೀಕ್ಷೆಯ 96 ಗುಳಿಗಳ ತಟ್ಟೆಯಲ್ಲಿ. ಒಬ್ಬ ರೋಗಿಯ ಒಂದು ಹನಿಗಾಗಿ ಇಡೀ ತಟ್ಟೆಯನ್ನು ಯಾರೂ ತೆರೆಯುವುದಿಲ್ಲ, ಮಾದರಿಗಳು ಕೂಡುವವರೆಗೆ ಫ್ರೀಜರ್‌ನಲ್ಲಿ ಕಾಯುತ್ತವೆ. ಫಲಿತಾಂಶ ಬರುವ ಹೊತ್ತಿಗೆ ರೋಗಿ ಮನೆಗೆ ಹೋಗಿರಬಹುದು. ಎಲ್ಲ ಕಡೆ ಒಪ್ಪಿದ ಮಿತಿಗಳೂ ಇವುಗಳಿಗೆ ಇಲ್ಲ. ಸಂಶೋಧನೆಗೆ ಒಪ್ಪಿಗೆ ಕೊಟ್ಟವರ ರಕ್ತವನ್ನು ತೆಗೆದಿಡುವುದು ಸರಿ. ಚಿಕಿತ್ಸೆಯ ನಿರ್ಧಾರಕ್ಕಾಗಿ ಹಣ ಕೊಟ್ಟು ಮಾಡಿಸುವ ಕಾಲ ಇನ್ನೂ ಬಂದಿಲ್ಲ.

ಆಯ್ಕೆ ಮಾಡುವುದು ಹೇಗೆ?

ಹಣ ಬಿಗಿಯಾಗಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತಕಣ ಎಣಿಕೆ, ಆಲ್ಬುಮಿನ್, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಒಂದು ಸಿಆರ್‌ಪಿ; ನಂತರ ಅನಿಲ ಪರೀಕ್ಷೆ; ಎರಡನೆಯ ದಿನ ಮತ್ತು ನಾಲ್ಕನೆಯ ದಿನ ಸಿಆರ್‌ಪಿ. ಏನೂ ತೊಂದರೆಯಿಲ್ಲದೆ ಚೇತರಿಸಿಕೊಳ್ಳುತ್ತಿರುವ ರೋಗಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ, ದುಡ್ಡಿದ್ದರೂ ಬೇಕಿಲ್ಲ.

ಸ್ವಲ್ಪ ಕೈ ಬಿಡಿಸಬಹುದಾದರೆ ಪ್ರೊಕ್ಯಾಲ್ಸಿಟೋನಿನ್ನನ್ನು ಎಲ್ಲರಿಗೂ ದಿನವೂ ಕಳಿಸುವ ಬದಲು, ಎಕ್ಸ್‌ರೇಯಲ್ಲಿ ಹೊಸ ಮಬ್ಬು ಕಂಡು ಅದು ಸೋಂಕೋ ಬರೀ ಮುದುಡಿದ ಶ್ವಾಸಕೋಶವೋ ಎಂಬ ಗೊಂದಲವಿರುವ ರೋಗಿಗೆ ಮೀಸಲಿಡಬೇಕು. ಅಲ್ಲೂ ಒಂದಲ್ಲ, 24 ಗಂಟೆಯ ಅಂತರದಲ್ಲಿ ಎರಡು. ಸ್ಟೀರಾಯ್ಡ್ ಪಡೆದವರಿಗೆ ಇದು ಹೆಚ್ಚು ಉಪಯುಕ್ತ. ಡಯಾಲಿಸಿಸ್‌ನಲ್ಲಿರುವವರಿಗೆ ಅಂಕಿಯನ್ನು ಬಿಟ್ಟು ಅದರ ಏರಿಳಿತವನ್ನಷ್ಟೇ ಓದಬೇಕು, ಅದನ್ನೂ ಎಚ್ಚರದಿಂದ. ಹೃದಯದ ಬಲ ಕುಗ್ಗಿರುವವರಿಗೆ, ಕವಾಟ ಬದಲಿಸಿಕೊಳ್ಳುವವರಿಗೆ ಆ ಹಣವನ್ನು ಮುಂಚಿನ ಎನ್‌ಟಿ-ಪ್ರೊಬಿಎನ್‌ಪಿಗೆ ಹಾಕುವುದು ಮೇಲು. ತುರ್ತಾಗಿ ಶಸ್ತ್ರಚಿಕಿತ್ಸೆಗೆ ಹೋಗುವ ರೋಗಿಯ ವಿಷಯದಲ್ಲಿ ಮುಂಚಿನ ಸೂಚಕಗಳಿಂದ ಮಾಡಬಹುದಾದದ್ದು ಕಡಿಮೆ. ರಕ್ತಹೀನತೆಯನ್ನು ಸರಿಪಡಿಸಲು ಸಮಯವಿರುವುದಿಲ್ಲ, ಆದ್ದರಿಂದ ಖರ್ಚನ್ನು ನಂತರದ ದಿನಗಳಿಗೆ ಉಳಿಸಿಕೊಳ್ಳಬೇಕು.

ಆದರೆ ತುರ್ತಿನಲ್ಲೂ ಒಂದು ಕೆಲಸವನ್ನು ಬಿಡಬಾರದು. ಅರಿವಳಿಕೆ ಕೊಡುವ ಮುಂಚೆ ಹೇಗೂ ತೆಗೆಯುವ ರಕ್ತದಲ್ಲೇ, ನಂತರ ಯಾವ ಸೂಚಕವನ್ನು ನೋಡಲಿದ್ದೇವೋ ಅದರ ಮೊದಲ ಅಂಕಿಯನ್ನು ಪಡೆದು, ಚಾರ್ಟಿನಲ್ಲಿ ತಾರೀಖಿನ ಜೊತೆಗೆ ಗಂಟೆಯನ್ನೂ ಬರೆದಿಡಬೇಕು. ನಾಲ್ಕನೆಯ ದಿನ ರಾತ್ರಿ ಪಾಳಿಗೆ ಬರುವ, ಈ ರೋಗಿಯನ್ನು ಹಿಂದೆಂದೂ ನೋಡಿರದ ವೈದ್ಯರು ಮೊದಲು ಹುಡುಕುವುದು ಆ ಸಾಲನ್ನೇ.